ಎಡಮೀಸೆ ಬೇಡವೆಂದ ಹೆಗ್ಗಣ

ಕಾಳಿನ ಗೋದಾಮಿನ ಹೆಗ್ಗಣನಿಗೆ ತನ್ನ ಎರಡು ಕಡೆಯ ಮೀಸೆಗಳ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಯಾವ ಬಿಲ ಹೊಕ್ಕರೂ ಬಲಮೀಸೆ "ಧಣಿ, ಗೋಡೆ ತಾಕಿತು" ಅನ್ನುವುದು, ಎಡಮೀಸೆಯೂ ಅದನ್ನೇ ಅನ್ನುವುದು.

"ಒಂದೇ ಸುದ್ದಿಗೆ ಇಬ್ಬರು ಯಾಕೆ? ಲೇ, ಈ ಎಡಮೀಸೆ ಕಡಿದು ಹಾಕು" ಎಂದು ಹೆಂಡತಿಗೆ ಹೇಳಿದ. ಹೆಗ್ಗಣಗಳಲ್ಲಿ ಗಂಡನ ಮೀಸೆಯನ್ನು ಹಲ್ಲಿನಿಂದ ಕತ್ತರಿಸುವುದು ಹೆಂಡತಿಯ ಕೆಲಸ.

"ಬೇಡ ರೀ," ಅಂದಳು ಅವಳು. "ಎರಡೂ ಕಡೆಯ ಸುದ್ದಿ ತಲೆಯಲ್ಲಿ ಕೂಡಿದರೆ ತಾನೇ ಬಿಲ ಎಷ್ಟು ಅಗಲ ಅಂತ ಗೊತ್ತಾಗೋದು?"

"ತಲೆ ನನ್ನದು. ನೀನು ಕಡಿ."

ಕಡಿದಳು. ಅವನಿಗೆ ಹಾಯೆನಿಸಿತು.

ಒಂದು ಸಂಜೆ ಕೇರೆಹಾವು ಬೆನ್ನಟ್ಟಿತು. ಹೆಗ್ಗಣ ಕಣ್ಣಿಗೆ ಬಿದ್ದ ಬಿಲಕ್ಕೆ ನುಗ್ಗಿದ. "ಧಣಿ, ಗೋಡೆ ತಾಕಿತು," ಅಂದಿತು ಬಲಮೀಸೆ. ಎಡಗಡೆಯಿಂದ ಸದ್ದಿಲ್ಲ. ಸದ್ದಿಲ್ಲದ ಕಡೆ ಜಾಗವಿದೆ ಎಂದುಕೊಂಡು ಅವನು ಎಡಕ್ಕೆ ವಾಲಿ ಇಡೀ ಮೈಯನ್ನು ಒಳಗೆ ತುರುಕಿದ. ಹೊಟ್ಟೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಹಾವು ಹಿಂಗಾಲು ಹಿಡಿಯಿತು.

"ಎಡಗಡೆ ಏನಿದೆ ಹೇಳೋ!" ಎಂದು ಹೆಗ್ಗಣ ಚೀರಿದ.

"ನನಗೇನು ಗೊತ್ತು ಧಣಿ?" ಅಂದಿತು ಬಲಮೀಸೆ. "ಬಲಗಡೆ ಗೋಡೆಯಿದೆ."