ತಾಲೀಮಿನಲ್ಲೂ ಹಿಂದಕ್ಕೆ ಬಾರದವು

ಡಂಗುರ ಹೀಗಿತ್ತು: "ಕೇಳಿರಿ! ಅರಮನೆಯ ತಾಲೀಮು ಎಂಬ ಸಾಧನವನ್ನು ನಡೆಸಬಲ್ಲವರು ನಾಳೆ ಓಲಗಕ್ಕೆ ಬರತಕ್ಕದ್ದು. ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪು ಹೇಳಿದವರಿಗೆ ತಲೆದಂಡ."

ಆ ರಾಜ್ಯದ ಜನರ ಹೆಸರುಗಳೆಲ್ಲ ಏಳು ಬೆಟ್ಟದಾಚೆಯ ಡೇಟಾಬೇಸಿನಲ್ಲಿದ್ದವು. ಅರಮನೆಯಿಂದ ತಂತಿಯ ಮೇಲೆ ಕರೆ ಎಂಬ ಆಜ್ಞೆ ಹೋದರೆ ಅಲ್ಲಿ ಕೆಲಸ ಆ ಕ್ಷಣವೇ ಆಗಿಬಿಡುತ್ತಿತ್ತು. ಹಿಂದಿನ ತಿಂಗಳು ಮಂತ್ರಿಯ ಮಗ ಗಡಿನಾಡಿನ ಪಟ್ಟಿಯಿಂದ ಸತ್ತವರ ಹೆಸರು ತೆಗೆಯಲು ಕರೆ ಕಳಿಸಿದ. ಸತ್ತವರದ್ದು ಮಾತ್ರ ಎಂಬ ಷರತ್ತು ಹಾಕಲು ಮರೆತ. ನಲವತ್ತು ಸಾವಿರ ಹೆಸರು ಅಳಿಸಿಹೋದವು. ಹೆಸರಿಲ್ಲದವರಿಗೆ ಪಡಿ ಇಲ್ಲ.

ಇಂಥ ಕರೆಯನ್ನು ಮೊದಲು ಪರೀಕ್ಷಿಸಲೆಂದೇ ಗೌರಮ್ಮಣ್ಣಿ ಎಂಬ ಯಂತ್ರಜ್ಞೆ ತಾಲೀಮನ್ನು ಕಟ್ಟಿದ್ದಳು. ಗುಟ್ಟು ಬಯಲಾದೀತೆಂದು, ಅದನ್ನು ನಡೆಸುವ ಬಗೆಯನ್ನು ಬರೆದಿಡಲು ದೊರೆ ಬಿಡಲಿಲ್ಲ. ಆಕೆ ಸಾಯುವಾಗ ಮೂರು ಒಗಟುಗಳನ್ನೂ ಉತ್ತರಗಳನ್ನೂ ಹಾಳೆಯಲ್ಲಿ ಬರೆದು ಅವನಿಗೆ ಕೊಟ್ಟು, "ಇವನ್ನು ಬಿಡಿಸಿದವರಿಗೆ ನನ್ನ ಸಾಧನ ಗೊತ್ತಿದೆ ಎಂದರ್ಥ" ಎಂದಿದ್ದಳು. ಆಕೆಯ ನಂತರ ಅದನ್ನು ನಡೆಸಬಲ್ಲವರಿಲ್ಲದೆ ಮಂತ್ರಿಯ ಮಗನ ಕರೆ ನೇರವಾಗಿ ಹೋಗಿತ್ತು. ತಲೆದಂಡದ ಮಾತು ಮಾತ್ರ ದೊರೆಯದೇ.

ಓಲಗದಲ್ಲಿ ದೊರೆ ಮೊದಲ ಒಗಟು ಹೇಳಿದ: "ದೂರ ಹೋಗುತ್ತದೆ, ಕೆಲಸವೆಲ್ಲ ಮಾಡುತ್ತದೆ, ಮಾಡಿದ್ದೊಂದೂ ಉಳಿಯುವುದಿಲ್ಲ. ಏನದು?"

ಆಸ್ಥಾನ ಪಂಡಿತ ಶೇಷಾದ್ರಿ ಶಾಲು ಸರಿಪಡಿಸಿಕೊಂಡ. "ಕನಸು, ಮಹಾಸ್ವಾಮಿ."

ತಲೆ ಉರುಳಿತು.

"ನೆರಳು!" ಎಂದ ದಳವಾಯಿ ವೀರಣ್ಣ.

ಅವನದೂ ಉರುಳಿತು. ಸಭಿಕರು ಮೂಗಿಗೆ ಅತ್ತರಿನ ಬಟ್ಟೆ ಹಿಡಿದು ಎಲೆಯಡಿಕೆ ಜಗಿಯುತ್ತಿದ್ದರು. "ವೀರಣ್ಣನಿಗಿಂತ ಪಂಡಿತನ ಉತ್ತರ ವಾಸಿ" ಎಂದು ಒಬ್ಬ ನಕ್ಕ.

ನೆಲದ ರಕ್ತ ಒರೆಸುತ್ತಿದ್ದವಳು ದೇವೀರಿ. ಆರು ವರ್ಷ ಯಂತ್ರದ ಕೋಣೆ ಗುಡಿಸಿದವಳು. ಅವಳ ತಾಯಿ ಗಡಿನಾಡಿನವಳು. ಪಡಿಗೆ ನಿಂತರೆ "ನೀನು ಪಟ್ಟಿಯಲ್ಲಿ ಸತ್ತಿದ್ದೀಯ, ಹೋಗು" ಎಂದು ಅಟ್ಟಿದ್ದರು. ಎರಡನೆಯ ಸಲ ಬಟ್ಟೆ ಹಿಂಡುವಾಗ ದೇವೀರಿ ಎದ್ದು ನಿಂತಳು. ರಕ್ತ ಕಂಡಲ್ಲ, ಆ ನಗೆ ಕೇಳಿ.

"ನಾನು ಹೇಳ್ತೀನಿ, ಬುದ್ಧಿ."

"ಕಸದವಳೇ, ನಿನಗೂ ಒಂದೇ ತಲೆ ಇರುವುದು."

"ಗೊತ್ತು. ಅದು ತಾಲೀಮಿನ ಕರೆ. ಆಚೆ ಹೋಗಿ ಕೆಲಸ ಮಾಡತ್ತೆ, ಏನಾಯ್ತು ಅಂತ ತೋರಿಸತ್ತೆ, ಆಮೇಲೆ ಎಲ್ಲಾನೂ ಇದ್ದ ಹಾಗೇ ಇಟ್ಟು ಬರತ್ತೆ. ಅಮ್ಮಣ್ಣಿಯವರು ಕೆಲಸ ಮಾಡ್ತಾ ಬಾಯಲ್ಲಿ ಹೇಳಿಕೊಳ್ಳೋರು."

ದೊರೆ ಗೌರಮ್ಮಣ್ಣಿಯ ಉತ್ತರದ ಹಾಳೆ ನೋಡಿದ. ಸರಿಯಾಗಿತ್ತು. ಎರಡನೆಯದನ್ನು ಕೇಳಿದ:

"ಎಲ್ಲವನ್ನೂ ಹಿಂದಕ್ಕೆ ತರುವ ತಾಲೀಮಿನಲ್ಲೂ ಹಿಂದಕ್ಕೆ ಬಾರದ್ದು ಯಾವುದು?"

"ಕಳಿಸಿದ ಓಲೆ. ತಾಲೀಮಲ್ಲೇ ಆದರೂ ಹೆಸರು ತೆಗೆದ ಕೂಡಲೇ ಅವರ ಮನೆಗೆ ಓಲೆ ಹೋಗಿಬಿಡತ್ತೆ. ಹೆಸರು ಮತ್ತೆ ಬಂದರೂ ಓದಿದ ಓಲೆ ಬರಲ್ಲ. ಅದಕ್ಕೇ ತಾಲೀಮಿಗೆ ಮುಂಚೆ ಓಲೆಯ ಬಾಗಿಲು ಮುಚ್ಚಬೇಕು."

ಅದೂ ಸರಿಯೇ. ದೊರೆ ಮೂರನೆಯದನ್ನು ಕೇಳಿದ:

"ಒಬ್ಬರ ತಲೆಯಲ್ಲಿದ್ದರೆ ಅವರೊಂದಿಗೇ ಸಾಯುತ್ತದೆ, ಗೋಡೆಯ ಮೇಲಿದ್ದರೆ ಎಲ್ಲರನ್ನೂ ಕಾಯುತ್ತದೆ. ಏನದು?"

"ಸಾಧನ ನಡೆಸೋ ಬಗೆ. ನೀವು ಬರೀಬೇಡ ಅಂದಿದ್ದು."

ದೊರೆ ಉತ್ತರ ಓದಿ ಮಡಚಿದ. "ಅರ್ಧ ರಾಜ್ಯ ನಿನ್ನದು."

"ಬೇಡ. ಯಂತ್ರದ ಕೋಣೆಯ ಬೀಗದ ಕೈ ಕೊಡಿ. ಅದರ ಹೊರಗೋಡೆ ಕೊಡಿ."

ದೇವೀರಿ ಓಲೆಯ ಬಾಗಿಲು ಮುಚ್ಚಿ, ಹೆಸರು ಮರಳಿಸುವ ಕರೆಯನ್ನು ತಾಲೀಮಿಗೆ ಕೊಟ್ಟಳು. ನಿಜವಾಗಿ ಸತ್ತ ಮುನ್ನೂರು ಹನ್ನೆರಡು ಜನರೂ ಪಟ್ಟಿಯಲ್ಲಿ ಎದ್ದುಬರುತ್ತಾರೆ ಎಂದು ಅದು ತೋರಿಸಿತು. ಕರೆ ತಿದ್ದಿದಳು. ಮತ್ತೆ ತಾಲೀಮು. ಸರಿಹೋದ ಮೇಲೆ ನಿಜದ ಕರೆ. ಮರುದಿನ ಅವಳ ತಾಯಿಗೆ ಪಡಿ ಸಿಕ್ಕಿತು.

ಆಮೇಲೆ ಗೋಡೆಯ ಮೇಲೆ ಮಸಿಯಲ್ಲಿ ನಡೆಸುವ ಬಗೆಯನ್ನೆಲ್ಲ ಬರೆದಳು. ಕೊನೆಯಲ್ಲಿ ಹೀಗಿತ್ತು: "ಹಿಂದಕ್ಕೆ ಬಾರದವು: ಕಳಿಸಿದ ಓಲೆ. ಪಂಡಿತ ಶೇಷಾದ್ರಿ. ದಳವಾಯಿ ವೀರಣ್ಣ."

ದೊರೆ ನೋಡಲು ಬಂದ. "ಆ ಎರಡು ಹೆಸರು ಇಲ್ಲೇಕೆ? ಒರೆಸು."

"ನೀವೂ ಪರೀಕ್ಷೆ ಮಾಡಿದಿರಿ ಬುದ್ಧಿ, ನಿಜದ ತಲೆಗಳ ಮೇಲೆ. ಆವತ್ತು ಎರಡು ಸಲ ಒರೆಸಿದೀನಿ. ಇದನ್ನ ಒರೆಸಲ್ಲ."

ಒದ್ದೆ ಬಟ್ಟೆಯನ್ನು ಅವನ ಪಾದದ ಬಳಿ ಇಟ್ಟು ಒಳಗೆ ಹೋದಳು. ದೊರೆ ಅದನ್ನು ಮುಟ್ಟಲಿಲ್ಲ. ಬರಹ ಗೋಡೆಯ ಮೇಲೆ ಹಾಗೇ ಉಳಿಯಿತು.