ಶುರುವಾಗುವ ಮೊದಲೇ ಮುಗಿದ ಗ್ರಾಮಸಭೆ

"ನಮ್ಮೂರ ಗ್ರಾಮಸಭೆ ಅಂದ್ರೆ ಅರ್ಧ ಗಂಟೆ ಸಾಹೇಬ್ರೇ. ಒಬ್ಬರೂ ಚಕಾರ ಎತ್ತಲ್ಲ" ಎಂದು ಬಿಳೆಕಲ್ಲೂರು ಪಂಚಾಯಿತಿ ಅಧ್ಯಕ್ಷ ಪಂಪನಗೌಡರು ತಾಲ್ಲೂಕಿನಿಂದ ಬಂದಿದ್ದ ಅಧಿಕಾರಿಯ ಮುಂದೆ ಮೀಸೆ ತಿರುವಿದರು.

ಚಕಾರ ಯಾಕೆ ಏಳುತ್ತಿರಲಿಲ್ಲ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಕಾರ್ಯದರ್ಶಿ ತಿಪ್ಪಣ್ಣ ಸಭೆಯ ನಡಾವಳಿಯನ್ನು ಹಿಂದಿನ ದಿನವೇ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಸಭೆಯಲ್ಲಿ ಏನಾಗುತ್ತೆ ಅಂತ ಅವನಿಗೆ ಹೇಗೆ ಗೊತ್ತು ಅಂತೀರಾ? ಏನೂ ಆಗುತ್ತಿರಲಿಲ್ಲ, ಅದಕ್ಕೆ. ಜನ ಬಂದು ಬರೆದ ಪುಟದ ಕೆಳಗೆ ಸಹಿ ಹಾಕಿಯೋ ಹೆಬ್ಬೆಟ್ಟು ಒತ್ತಿಯೋ, ಮಂಡಕ್ಕಿ ಮಿರ್ಚಿ ತಿಂದು ಎದ್ದು ಹೋಗುತ್ತಿದ್ದರು.

ಆ ದಿನ ಹಳ್ಳದಾಚೆ ಓಣಿಯ ಹುಲಿಗೆಮ್ಮ ಮಿರ್ಚಿ ಮುಟ್ಟಲಿಲ್ಲ. ಅವಳ ಸೊಸೆಗೆ ಎಂಟು ತಿಂಗಳು. ಮಳೆ ಹಿಡಿದರೆ ಹಳ್ಳದಲ್ಲಿ ಎದೆಮಟ್ಟ ನೀರು, ಆಂಬುಲೆನ್ಸ್ ಈಚೆ ದಡದಲ್ಲೇ ನಿಲ್ಲುತ್ತಿತ್ತು. ಒಂದು ಕಾಲುಸೇತುವೆ ಮಾಡಿಸಿಕೊಡಿ ಅಂತ ಮೂರು ವರ್ಷದಿಂದ ಗೋಗರೆಯುತ್ತಿದ್ದಳು. ಪುಸ್ತಕದಲ್ಲಿ ಮಾತ್ರ ಮೂರು ವರ್ಷವೂ ಒಂದೇ ಸಾಲು: 'ಹಳ್ಳದ ಬಗ್ಗೆ ಯಾರದೂ ದೂರಿಲ್ಲ.'

"ಹೆದರಬೇಡವ್ವ, ಈ ಸಲ ನಾನು ನೋಡ್ಕೋತೀನಿ" ಎಂದ ಅದೇ ಓಣಿಯ ದರ್ಜಿ ಹೊನ್ನೂರಸಾಬ. ಅವನು ಹೊಲಿದ ಅಂಗಿ ಒಮ್ಮೊಮ್ಮೆ ಬಿಗಿಯಾಗುತ್ತಿದ್ದರೂ ಜನರ ಅಳತೆ ಎಂದೂ ತಪ್ಪುತ್ತಿರಲಿಲ್ಲ.

ಸಹಿಗೆ ಪುಸ್ತಕ ಬಂತು. ಹೊನ್ನೂರಸಾಬ ಪೆನ್ನು ಹಿಡಿದು ನಿಂತ.

"ಗೌಡ್ರೇ, ಒಂದು ಅನುಮಾನ. ಇದರಲ್ಲಿ ಬರೆದದ್ದೆಲ್ಲ ನಿಜ ತಾನೇ?"

ಪಕ್ಕದಲ್ಲಿ ಅಧಿಕಾರಿ ಕೂತಿದ್ದಾರೆ, ಗೌಡರು ಇನ್ನೇನು ಹೇಳಿಯಾರು? "ಅಕ್ಷರಕ್ಷರ ನಿಜ. ಸುಳ್ಳು ಅಂತ ತೋರಿಸಿದ್ರೆ ಈ ಕುರ್ಚಿ ಬಿಟ್ಟು ಇಳೀತೀನಿ."

"ಅಷ್ಟು ಸಾಕು" ಎಂದ ಹೊನ್ನೂರಸಾಬ ಗಟ್ಟಿಯಾಗಿ ಓದತೊಡಗಿದ. "'ಬೆಳಗ್ಗೆ ಹನ್ನೊಂದಕ್ಕೆ ಸಭೆ ಸೇರಿತು. ಅಧ್ಯಕ್ಷರು ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು. ಹಳ್ಳದ ಬಗ್ಗೆ ಯಾರದೂ ದೂರಿಲ್ಲ. ಹನ್ನೊಂದೂವರೆಗೆ ಸಭೆ ಮುಗಿದು ಅಧ್ಯಕ್ಷರು ಮನೆಗೆ ತೆರಳಿದರು.'"

ಗೋಡೆ ಗಡಿಯಾರದಲ್ಲಿ ಆಗಿನ್ನೂ ಹನ್ನೊಂದು ಹತ್ತು. ತಿಪ್ಪಣ್ಣ ಬೆವರು ಒರೆಸಿಕೊಂಡ.

ಹೊನ್ನೂರಸಾಬ ಜನರ ಕಡೆ ತಿರುಗಿದ. "ಕೇಳಿದ್ರಲ್ಲ, ಗೌಡ್ರು ಮನೆಗೆ ಹೋದ್ರು. ಇನ್ನು ನಾವು ನಾವೇ ಕೂತು ಹಳ್ಳದ ವಿಷಯ ಮಾತಾಡೋಣ. ಹುಲಿಗೆಮ್ಮ, ಆ ಕುರ್ಚಿ ಖಾಲಿ ಇದೆ, ಬಾ ಕೂತ್ಕೋ."

ಹುಲಿಗೆಮ್ಮ ಸೆರಗು ಸರಿ ಮಾಡಿಕೊಂಡು ನಿಜಕ್ಕೂ ಎದ್ದು ಬಂದಳು. ಗೌಡರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏ ಹೊನ್ನೂರ, ನಾನು ಇಲ್ಲೇ ಕೂತಿದೀನಿ. ಕಣ್ಣು ಕಾಣಲ್ವಾ?"

"ಕಾಣ್ತವೆ ಗೌಡ್ರೇ. ಆದ್ರೆ ಕಣ್ಣಿಗೆ ಕಂಡದ್ದನ್ನ ನಂಬೋ ಪದ್ಧತಿ ಈ ಪಂಚಾಯಿತಿಲಿ ಎಲ್ಲಿದೆ? ಇದ್ದಿದ್ರೆ ಅಷ್ಟು ದೊಡ್ಡ ಹಳ್ಳ ನಿಮಗೆ ಮೂರು ವರ್ಷದಿಂದ ಕಾಣ್ತಿರಲಿಲ್ವಾ? ನೀವು ಪುಸ್ತಕ ನಂಬಿದ್ರಿ. ಈಗ ನಾವೂ ಅದನ್ನೇ ನಂಬ್ತಿದೀವಿ."

ಅಧಿಕಾರಿ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡರು. ಗೌಡರು ಪೇಚಿಗೆ ಸಿಕ್ಕಿದರು. ಪುಸ್ತಕ ಸುಳ್ಳು ಅಂದರೆ ಕುರ್ಚಿ ಬಿಡಬೇಕು, ನಿಜ ಅಂದರೆ ಎದ್ದು ಮನೆಗೆ ಹೋಗಬೇಕು. ಹುಲಿಗೆಮ್ಮ ಬೇರೆ ಎದುರಿಗೇ ನಿಂತು ಕಾಯುತ್ತಿದ್ದಾಳೆ. ಕೊನೆಗೆ ಅವರಿಗೂ ನಗು ತಡೆಯಲಾಗಲಿಲ್ಲ.

"ಸಾಕಪ್ಪ, ಸೋತೆ. ನಾನೀಗ ಮನೆಯಿಂದ ವಾಪಸ್ ಸಭೆಗೆ ಬರಬೇಕಲ್ಲ, ಏನ್ ಮಾಡ್ಲಿ ಹೇಳು."

"ಹೋದವರು ವಾಪಸ್ ಬರೋಕೆ ದಾರಿ ಬೇಕಲ್ಲ ಗೌಡ್ರೇ. ಮೊದಲು ಸೇತುವೆ ಬರೆಸಿ."

ತಿಪ್ಪಣ್ಣ ಇಡೀ ಪುಟಕ್ಕೆ ಗೀಟು ಹಾಕಿದ. ಮಳೆಗೆ ಮುಂಚೆ ಸೇತುವೆ ಮುಗಿಯಬೇಕು ಅಂತ ತಾರೀಖು ಸಮೇತ ಬರೆಸಿ, ಅಧಿಕಾರಿ ತಾವೇ ಮೊದಲ ಸಹಿ ಹಾಕಿದರು. ಹುಲಿಗೆಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿದಳು.