ಬೋರಲಿಂಗನ ಮುಳ್ಳಿನ ಹಲಗೆ

ಆ ಮೊಬೈಲು ಆಚೆ ಇಟ್ಟು ಕೇಳಿ. ಆಗೆಲ್ಲ ಹಬ್ಬ ಬಂತು ಅಂದರೆ ಮನೆಮಂದಿಯೆಲ್ಲ ಮುಳ್ಳಿನ ಹಲಗೆ ಸುತ್ತ ಕೂರೋರು. ದುಂಡನೆ ಹಲಗೆ, ಅಂಚಿಗೆಲ್ಲ ಬಣ್ಣದ ಮನೆಗಳು, ನಡುವೆ ಗಡಿಯಾರದಲ್ಲಿರೋ ಹಾಗೆ ಒಂದು ಹಿತ್ತಾಳೆ ಮುಳ್ಳು. ಬೆರಳಲ್ಲಿ ಚಿಮ್ಮಿದರೆ ಗಿರ್ರನೆ ತಿರುಗೋದು. ಕೆಂಪು ಮನೆ ಮೇಲೆ ನಿಲ್ಲಿಸಿದೋರು ಗೆದ್ದರು. ಆ ಸುಖ ಈಗೆಲ್ಲಿ!

ಅಂಥದೊಂದು ಹಲಗೆ ಪುಟ್ಟತಾಯಮ್ಮನ ಮನೆಯಲ್ಲಿತ್ತು, ಅವಳಪ್ಪ ಮಾಡಿದ್ದು. ಅಪ್ಪ ಹೋದ ಮೇಲೆ ಅದು ನನಗೆ ಬೇಕು, ನನಗೆ ಬೇಕು ಅಂತ ಅವಳಿಗೂ ಅಣ್ಣ ನಂಜೇಗೌಡನಿಗೂ ಮಾತು ಬೆಳೆದು, ಅಣ್ಣ ಬರೋದನ್ನೇ ಬಿಟ್ಟಿದ್ದ. ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು ಹಾಗೇ ಹೊರಡ್ತೀನಿ ಅಂತ ಹೇಳಿ ಕಳಿಸಿದ್ದ. ಒಂದಾಟ ಆಡಿಸಿಬಿಟ್ಟರೆ ಅಣ್ಣನ ಮನಸ್ಸು ಕರಗುತ್ತೆ ಅಂತ ಅವಳ ಆಸೆ. ಆದರೆ ಮನೇಲಿ ಮಗ ಬೋರಲಿಂಗ ಇದ್ದನಲ್ಲ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ.

“ಮುಳ್ಳು ಹಿಡಕೊಂಡದೆ ಕಣ್ಮಗ, ಎಣ್ಣೆ ಬಿಡು” ಅಂದಳು ತಾಯಿ. ಅವನು ಹಲಗೆ ಮೇಲೆ ಎಣ್ಣೆ ಡಬ್ಬಿನೇ ಬಗ್ಗಿಸಿದ.

“ಅಯ್ಯೋ ನನ್ನ ಕರ್ಮವೇ! ಎಣ್ಣೆ ಬಿಡು ಅಂದ್ರೆ ಒಂದು ತೊಟ್ಟು ಕಣೋ. ಅದೂ ತಿರುಗೋ ಜಾಗಕ್ಕೆ.”

“ಆಗ್ಲವ್ವ.”

ಹಬ್ಬದ ಬೆಳಗ್ಗೆ, “ದೀಪಕ್ಕೆ ಎಣ್ಣೆ ಬಿಡು” ಅಂದಳು. ದೀಪ ತಿರುಗುತ್ತಾ? ಇಲ್ಲ. ಮನೇಲಿ ತಿರುಗೋದು ಬೀಸೋಕಲ್ಲು. ಅದಕ್ಕೆ ಬಿಟ್ಟ. ಕಡುಬಿನ ಹಿಟ್ಟೆಲ್ಲ ಮೆತ್ತಿಕೊಂಡಿತು.

“ಎಣ್ಣೆ ಮೆತ್ತಿದ್ದನ್ನ ಹಂಗೇ ಬಿಡ್ತಾರೇನೋ? ಬಿಸಿಲಲ್ಲಿಟ್ಟು ಒಣಗಿಸಬೇಕು!”

“ಆಗ್ಲವ್ವ.”

ಅಷ್ಟರಲ್ಲಿ ಮಾವ ಬಂದ. ಹಬ್ಬದ ದಿನ ಅಂತ ತಲೆಗೆ ಹರಳೆಣ್ಣೆ ಮೆತ್ತಿ, ಬಾಗಿನದ ಮೊರ ಹಿಡಿದು ಬಂದಿದ್ದ. ಬೋರಲಿಂಗ ಅವನ ಕೈ ಹಿಡಿದು ನಡು ಅಂಗಳದ ಬಿಸಿಲಲ್ಲಿ ಕೂರಿಸಿ, “ಒಣಗೋಗಂಟ ಏಳಬ್ಯಾಡ ಮಾವ” ಅಂದು ಬಾಗಿಲು ಹಾಕಿದ!

ತಾಯಿ ಓಡಿಬಂದಳು. ಅಣ್ಣನ ಮುಖ ಕೆಂಡವಾಗಿತ್ತು. ಕೈಕಾಲು ಹಿಡಿದು ಒಳಗೆ ಕರೆತಂದಳು. ಮಗನ ಕಿವಿ ಹಿಂಡಿ, “ಮಾವ ಏನು ಹೊರಗಿನೋನೇನೋ? ಇನ್ಮೇಲೆ ಏನೇ ಇರ್ಲಿ, ನಮಗರ್ಧ, ಮಾವನಿಗರ್ಧ. ಕೇಳೋಕೆ ಮುಂಚೆ ಕೊಡಬೇಕು” ಅಂದಳು.

“ಆಗ್ಲವ್ವ.”

ಅಣ್ಣ ತಂಗಿ ದೇವರ ಮುಂದೆ ಬಾಗಿನ ಕೊಟ್ಟು ತಗೊಂಡು ಪಡಸಾಲೆಗೆ ಬಂದು ನೋಡಿದರೆ, ಬೋರಲಿಂಗ ಕೈಯಲ್ಲಿ ಗರಗಸ ಹಿಡಿದು ನಗುತ್ತಿದ್ದಾನೆ. ಅಪ್ಪನ ಹಲಗೆ ಎರಡು ಹೋಳಾಗಿದೆ, ಮುಳ್ಳು ಮಾತ್ರ ಒಂದು ಹೋಳಿನ ಅಂಚಲ್ಲಿ ಹಾಗೇ ಉಳಿದಿದೆ.

“ನಮಗರ್ಧ, ಮಾವನಿಗರ್ಧ.”

ತಾಯಿ ಕುಸಿದು ಕೂತು ಅತ್ತುಬಿಟ್ಟಳು. ನಂಜೇಗೌಡ ತನ್ನ ಹೋಳನ್ನ ತಿರುಗಿಸಿ ತಿರುಗಿಸಿ ನೋಡಿದ. ಅವನ ಕಣ್ಣೂ ತುಂಬಿತ್ತು.

“ಅಳಬ್ಯಾಡ ಕಣವ್ವ. ಅವತ್ತು ಜಗಳಾಡಿ ನಾವು ಮಾಡಿದ್ದೂ ಇದೇ ಅಲ್ವಾ?”

ಅವನೇ ಎರಡು ಹೋಳೂ ಜೋಡಿಸಿ ಕೂತು ಮುಳ್ಳು ಚಿಮ್ಮಿದ. ಅದು ಗಿರ್ರನೆ ತಿರುಗಿ ಸೀಳಿಗೆ ಸಿಕ್ಕಿ ನಿಂತಿತು. ತಂಗಿ ಚಿಮ್ಮಿದಳು, ಮತ್ತೆ ಸೀಳಿಗೇ. ಕೆಂಪು ಮನೆ ಯಾರಿಗೂ ಬೀಳಲಿಲ್ಲ, ಆಟ ಮುಗಿಯಲಿಲ್ಲ. ಚಿಕ್ಕಂದಿನ ಹಾಗೆ ಮೋಸ ಮೋಸ ಅಂತ ಕೂಗಾಡಿ, ನಕ್ಕು, ಹೊತ್ತು ಮುಳುಗಿದ್ದೇ ಗೊತ್ತಾಗಲಿಲ್ಲ.

“ಇವತ್ತು ಇಲ್ಲೇ ಉಳ್ಕೋತೀನಿ ಬಿಡು” ಅಂದ ಅಣ್ಣ.

ಪುಟ್ಟತಾಯಮ್ಮನಿಗೆ ಹಿಗ್ಗೋ ಹಿಗ್ಗು. “ಮಗಾ, ಮಾವ ಮಲಗೋಕೆ ಮಂಚ ನೋಡೋ” ಅಂತ ಕೂಗಿದಳು.

“ಆಗ್ಲವ್ವ” ಅಂದ ಬೋರಲಿಂಗ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗರಗಸದ ಸದ್ದು ಕೇಳಿಸಿತು.